ಇಬ್ಬರಿಗೂ ಒಂದೊಂದು ರಿಂಗು

ಶಟ್ಟೆಪ್ಪ ಸಾವಕಾರರಿಗೆ ಬಾಸ್ಕೆಟ್‌ಬಾಲ್ ಅಂದರೆ ಏನೆಂದು ಗೊತ್ತಿರಲಿಲ್ಲ. ಬಹುಶಃ ಅದೇ ಅರ್ಹತೆಯ ಮೇಲೆ ಅವರನ್ನು ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಈ ಭಾಗದ ಹೈಸ್ಕೂಲುಗಳ ಬಾಸ್ಕೆಟ್‌ಬಾಲ್ ಕಮಿಟಿಗೆ ಅಧ್ಯಕ್ಷರನ್ನಾಗಿ ಮಾಡಿದ್ದರು. ಅವರದು ರೈತರ ಹತ್ತಿ ಮಾರಿಕೊಡುವ ಅಡತಿ ಅಂಗಡಿ. ಹರೆಯದಲ್ಲಿ ಖೋಖೋ ಆಡಿದ್ದರಂತೆ. ಆ ದೇಹ ಒಂದು ಕಾಲದಲ್ಲಿ ಓಡಿತ್ತು ಎಂದು ನಂಬಬೇಕಾದರೆ ನೋಡುವವರಿಗೆ ಭಕ್ತಿ ಬಹಳ ಬೇಕಾಗುತ್ತಿತ್ತು. ಕಮಿಟಿಯ ಉಳಿದವರಿಗೆ ಅಷ್ಟು ಭಕ್ತಿ ಇತ್ತು.

ನಾನು ಬೈಲಹೊಂಗಲದ ಅವರ ಹೈಸ್ಕೂಲಿನಲ್ಲಿ ಹಿಂದಿ ಕಲಿಸುತ್ತಿದ್ದೆ. ಹುಡುಗಿಯರ ಆಟಕ್ಕೂ ನಾನೇ ಜವಾಬ್ದಾರಿ. ನನಗೆ ಆಟ ಬರುತ್ತಿತ್ತೆಂದಲ್ಲ. ಸ್ಟಾಫಿನಲ್ಲಿ ಹೆಣ್ಣೆಂದು ಇದ್ದವಳು ನಾನೊಬ್ಬಳೇ ಎಂದು. ಕಮಿಟಿಯ ಸಭೆಯಲ್ಲಿ ನನಗೂ ಒಂದು ಕುರ್ಚಿ ಇರುತ್ತಿತ್ತು, ಬಾಗಿಲ ಹತ್ತಿರ. ಚಹಾ ತರುವವನು ಒಳಗೆ ಬರುವಾಗ ನಾನು ಎದ್ದು ದಾರಿ ಬಿಡಬೇಕಾಗುತ್ತಿತ್ತು.

ಶಾಲೆಯ ಹಿಂದೆ ಗರಸು ಹಾಕಿ ಬಡಿದ ಒಂದು ಅಂಕಣ. ಅದರ ಎರಡೂ ತುದಿಗೆ ಕಬ್ಬಿಣದ ಕಂಬ, ಕಂಬಕ್ಕೊಂದು ಹಲಗೆ, ಹಲಗೆಗೊಂದು ರಿಂಗು. ಎರಡನ್ನೂ ಸಾವಕಾರರೇ ದಾನ ಕೊಟ್ಟಿದ್ದರು, ಆದ್ದರಿಂದ ಎರಡರ ಮೇಲೂ ಅಕ್ಷರಗಳು. ಪೂರ್ವದ ಹಲಗೆಯ ಮೇಲೆ ‘ಕೈಲಾಸವಾಸಿ ಮಡಿವಾಳೆಪ್ಪ ಸಾವಕಾರರ ಸ್ಮರಣಾರ್ಥ’ ಎಂದು ತಂದೆಯ ಹೆಸರು. ಪಶ್ಚಿಮದ ಹಲಗೆಯ ಮೇಲೆ ಅದಕ್ಕಿಂತ ದಪ್ಪ ಅಕ್ಷರದಲ್ಲಿ ‘ಶ್ರೀ ಶಟ್ಟೆಪ್ಪ ಸಾವಕಾರರ ಕೊಡುಗೆ’. ಮಕ್ಕಳು ಒಂದನ್ನು ಅಪ್ಪನ ರಿಂಗು, ಇನ್ನೊಂದನ್ನು ಮಗನ ರಿಂಗು ಎಂದು ಕರೆಯುತ್ತಿದ್ದರು. ಚೆಂಡು ಬೀಳುವ ಜಾಗಕ್ಕೆ ತಂದೆಯ ಹೆಸರನ್ನು ಬರೆಸಿದ ಮಗನನ್ನು ನಾನು ಬೇರೆಲ್ಲೂ ಕಂಡಿಲ್ಲ.

ಹುಡುಗರ ಪಂದ್ಯಗಳು ಶ್ರಾವಣದಲ್ಲಿ. ಅದಾದ ಮೇಲೆ ಬೆಳಗಾವಿಯಲ್ಲಿ ಜಿಲ್ಲೆಯ ಆಯ್ಕೆ. ಗೆದ್ದ ತಂಡವನ್ನು ಹಜರತಸಾಬನ ಬಾಡಿಗೆ ಗಾಡಿ ಟ್ರ್ಯಾಕ್ಸಿನಲ್ಲಿ ತುಂಬಿ ಕಳಿಸುತ್ತಿದ್ದರು. ಮುಂದಿನ ಸೀಟಿನಲ್ಲಿ ಸಾವಕಾರರು. ಹುಡುಗರು ಮೊದಲ ಪಂದ್ಯದಲ್ಲೇ ಮಣ್ಣು ಮುಕ್ಕಿ, ಬೆಳಗಾವಿಯ ಕುಂದಾ ತಿಂದು, ಕತ್ತಲಾಗುವ ಮೊದಲು ಮನೆ ಸೇರುತ್ತಿದ್ದರು. ಪ್ರತಿ ವರ್ಷವೂ ಸಾವಕಾರರು ಅಂಪೈರನ ಮೇಲೆ ತಪ್ಪು ಹೊರಿಸುತ್ತಿದ್ದರು.

ಹುಡುಗಿಯರ ಪಂದ್ಯಗಳು ಯಾವಾಗ? ಹತ್ತಿ ಬಿಡಿಸುವ ಕಾಲದಲ್ಲಿ. ಜಿಲ್ಲೆಯ ಆಯ್ಕೆ ಮುಗಿದು ತಿಂಗಳುಗಳು ಕಳೆದ ಮೇಲೆ, ಅರ್ಧ ಹುಡುಗಿಯರು ಉಡಿ ಕಟ್ಟಿಕೊಂಡು ಹೊಲದಲ್ಲಿ ನಿಂತಿರುವಾಗ. ಗೆದ್ದರೂ ಹೋಗಲು ಊರಿಲ್ಲ, ಸೋತರೂ ಅಳಲು ಕಾರಣವಿಲ್ಲ. ಕಿತ್ತೂರಿನಿಂದ ತಂಡ ಬಂದರೆ ರಾಮದುರ್ಗದ್ದು ಬರುತ್ತಿರಲಿಲ್ಲ. ಬಂದ ತಂಡದಲ್ಲೂ ಐದು ಜನ ಇರುತ್ತಿರಲಿಲ್ಲ. ಆಗ ಸಾವಕಾರರು ಕಮಿಟಿಯ ಮುಂದೆ ಕೈ ಚೆಲ್ಲಿ, “ನೋಡ್ರೆಪಾ, ನಾವು ಆಡಸ್ತೇವಿ ಅಂದ್ರೂ ಹುಡುಗ್ಯಾರ ಬರೂದಿಲ್ಲ. ಅವಕ್ಕ ಆಸಕ್ತಿನ ಇಲ್ಲ” ಎನ್ನುತ್ತಿದ್ದರು. ಆ ಹುಡುಗಿಯರು ಬಿಡಿಸಿದ ಹತ್ತಿ ಇವರ ಅಂಗಡಿಯ ಮುಂದೆಯೇ ಚಕ್ಕಡಿಯಿಂದ ಇಳಿಯುತ್ತಿತ್ತು.

ಎರಡನ್ನೂ ಒಂದೇ ಕಾಲಕ್ಕೆ ಯಾಕೆ ಇಡಬಾರದೆಂದು ನಾನು ಒಮ್ಮೆ ಕೇಳಿದ್ದೆ.

“ಏನ್ ಮಾತಾಡ್ತೀರಿ ಅಕ್ಕೋರ?” ಎಂದರು ಸಾವಕಾರರು. “ಹುಡುಗ್ಯಾರ ಆಡಾಕ ಹತ್ತಿದ್ರ ನಮ್ಮ ಹುಡುಗರು ಚೆಂಡ ನೋಡ್ತಾವೇನ?”

ಕಮಿಟಿ ನಕ್ಕಿತು. ಪಿ.ಟಿ. ಮಾಸ್ತರ ಮಾಳಪ್ಪ ಎಲ್ಲರಿಗಿಂತ ಜೋರಾಗಿ ನಕ್ಕು, “ಹೌದ್ರಿ ಸಾವಕಾರ್ರ” ಎಂದ. ಮಾಳಪ್ಪನಿಗೆ ಆಟ ಚೆನ್ನಾಗಿ ಗೊತ್ತಿತ್ತು. ಕಾಲೇಜಿನಲ್ಲಿ ಆಡಿದವನು, ನಿಯಮಗಳನ್ನೆಲ್ಲ ಬಾಯಿಪಾಠ ಮಾಡಿದವನು. ಆದರೆ ಕೆಲಸಕ್ಕೆ ಸೇರಿದ ದಿನದಿಂದ ಅವನ ಬಾಯಿಂದ ಸಾವಕಾರರ ಎದುರು ‘ಹೌದ್ರಿ’ ಬಿಟ್ಟು ಬೇರೆ ಶಬ್ದ ಬಂದದ್ದನ್ನು ಯಾರೂ ಕೇಳಿರಲಿಲ್ಲ. ಗೊತ್ತಿಲ್ಲದವನ ಮೇಲೆ ನನಗೆ ಅಷ್ಟು ಸಿಟ್ಟು ಬರುವುದಿಲ್ಲ. ಗೊತ್ತಿದ್ದೂ ಹಲ್ಲು ಕಿರಿಯುವವನನ್ನು ಕಂಡರೆ ಮೈ ಉರಿಯುತ್ತದೆ.

ಇನ್ನೊಂದು ಸಂಗತಿ ಹೇಳಬೇಕು. ಹುಡುಗರ ಪಂದ್ಯ ಮುಗಿದ ಮರುದಿನವೇ ಮಗನ ರಿಂಗನ್ನು ಹಲಗೆಯ ಸಮೇತ ಬಿಚ್ಚಿ, ಗೋಣಿಚೀಲದಲ್ಲಿ ಸುತ್ತಿ ಹೆಡ್‌ಮಾಸ್ತರರ ಕೋಣೆಯಲ್ಲಿ ಇಡುತ್ತಿದ್ದರು. ಸಾವಕಾರರ ಹೆಸರು ಬಿಸಿಲಿಗೆ ಬಣ್ಣ ಬಿಡಬಾರದಲ್ಲ. “ಹುಡುಗ್ಯಾರಿಗೆ ಒಂದ ಸಾಕು” ಎಂದು ಅಪ್ಪನ ರಿಂಗನ್ನು ಮಾತ್ರ ಬಿಡುತ್ತಿದ್ದರು. ಹುಡುಗರು ಅಭ್ಯಾಸ ಮಾಡುವ ದಿನಗಳಲ್ಲೂ ನಮ್ಮವರಿಗೆ ಸಿಗುತ್ತಿದ್ದದ್ದು ಪ್ರಾರ್ಥನೆಗೆ ಮುಂಚಿನ ಸ್ವಲ್ಪ ಹೊತ್ತು, ಅದೂ ಆ ತುದಿಯಲ್ಲೇ.

ಒಂದು ರಿಂಗಿನಲ್ಲಿ ಎರಡು ತಂಡ ಹೇಗೆ ಆಡುವುದು? ಅದಕ್ಕೆ ಉಪಾಯ ಹುಡುಕಿದ್ದು ಜನ್ನತ, ಹಜರತಸಾಬನ ಮಗಳು. ಎಂಟನೆಯ ತರಗತಿಯಲ್ಲಿದ್ದಾಗ ಅವಳೇ ಒಂದು ಪದ್ಧತಿ ಹಾಕಿದಳು. ಎದುರಿನವರ ಕೈಯಿಂದ ಚೆಂಡು ಕಸಿದುಕೊಂಡವರು ನಡುಗೆರೆಯ ತನಕ ಓಡಬೇಕು, ಗೆರೆಯನ್ನು ಕಾಲಿನಿಂದ ಮುಟ್ಟಬೇಕು, ತಿರುಗಿ ಬಂದು ಅದೇ ರಿಂಗಿಗೆ ಹಾಕಬೇಕು. ‘ಗೆರೆ ಮುಟ್ಟಿ ಬರೋದು’ ಎಂದು ಅದಕ್ಕೆ ಹೆಸರು. ನಮ್ಮಲ್ಲಿಗೆ ಬರುತ್ತಿದ್ದ ಕಿತ್ತೂರಿನ ಹುಡುಗಿಯರೂ ಸವದತ್ತಿಯವರೂ ಅದನ್ನೇ ಕಲಿತರು. ಹೀಗೆ ತಿರುಗಿ ತಿರುಗಿ ಜನ್ನತಳ ಕಾಲು ಎಷ್ಟು ಚುರುಕಾಯಿತೆಂದರೆ, ಗೆರೆ ಮುಟ್ಟಿದ್ದು ಯಾವಾಗ, ತಿರುಗಿದ್ದು ಯಾವಾಗ ಎಂದು ನನಗೇ ತಿಳಿಯುತ್ತಿರಲಿಲ್ಲ.

ತೊಂಬತ್ತೆಂಟರಲ್ಲಿ ಅವಳು ಹತ್ತನೆಯ ತರಗತಿಗೆ ಬಂದಳು. ಒಂದು ಸಂಜೆ ಹಜರತಸಾಬ ಟ್ರ್ಯಾಕ್ಸ್ ನಿಲ್ಲಿಸಿ ನನ್ನ ಹತ್ತಿರ ಬಂದ. ಟೋಪಿ ಸರಿ ಮಾಡಿಕೊಂಡ.

“ಅಕ್ಕೋರ, ಆಕಿ ಮುಂದ ಓದತೇನಿ ಅಂತಾಳ್ರಿ. ನನ್ನ ಕೈಲೆ ಹತ್ತನೇದರ ತನಕ ಆಗತೈತಿ, ಅದರ ಮ್ಯಾಲ ಆಗೂದಿಲ್ಲ. ಧಾರವಾಡದಾಗ ಆಟದವರದ್ದ ಹಾಸ್ಟೆಲ್ ಐತಂತಲ್ರಿ, ಊಟ ಸಾಲಿ ಎಲ್ಲಾ ಅವರ ನೋಡ್ಕೋತಾರಂತ. ಅದಕ್ಕ ಜಿಲ್ಲಾದಾಗ ಆರಿಸಿ ಬರಬೇಕಂತ. ಹುಡುಗರನ್ನ ನಾನ ಒಯ್ತೇನಿ ವರ್ಷಾ. ನನ್ನ ಮಗಳ್ನ ಒಯ್ಯು ದಿನ ಎಂದ ಬರತೈತ್ರಿ?”

ನಿಜ ಹೇಳುವುದಾದರೆ, ನಿನ್ನ ಮಗಳ ಪಂದ್ಯ ಹತ್ತಿಯ ಕಾಲದಲ್ಲಿದೆ, ಅಷ್ಟರಲ್ಲಿ ಎಲ್ಲ ಮುಗಿದಿರುತ್ತದೆ ಎಂದು ಹೇಳಬೇಕಿತ್ತು.

ಆದರೆ ಆ ಆಷಾಢದಲ್ಲಿ ಜಿಲ್ಲೆಯಿಂದ ಆದೇಶ ಬಂತು. ಹುಡುಗರ ಪಂದ್ಯವೂ ಹುಡುಗಿಯರ ಪಂದ್ಯವೂ ಇನ್ನು ಒಂದೇ ಋತುವಿನಲ್ಲಿ, ಒಂದೇ ಅಂಕಣದಲ್ಲಿ, ಒಂದೇ ದಿನ ಆಗಬೇಕು. ನೋಡಿ ಆರಿಸಲು ಬೆಳಗಾವಿಯಿಂದ ಒಬ್ಬ ಮೇಡಂ ಬರುತ್ತಾರೆ.

ಕಮಿಟಿಯ ಸಭೆ ಸೇರಿತು. ಮನೆಗೆ ಬೆಂಕಿ ಬಿದ್ದಂತೆ ಎಲ್ಲರ ಮುಖ. ಒಂದೇ ದಿನದಲ್ಲಿ ಎರಡೂ ಪಂದ್ಯ ಮುಗಿಸಲು ಹೊತ್ತು ಸಾಲುವುದಿಲ್ಲ ಎಂದೊಬ್ಬ. ಹುಡುಗಿಯರನ್ನು ಹುಡುಗರು ನೋಡಿದರೆ ಊರ ಮರ್ಯಾದೆ ಏನಾಗಬೇಕು ಎಂದು ಇನ್ನೊಬ್ಬ. ಸಾವಕಾರರು ಕಣ್ಣು ಮುಚ್ಚಿ ಎಲೆ ಅಡಿಕೆ ಜಗಿಯುತ್ತ ಬಹಳ ಹೊತ್ತು ಯೋಚಿಸಿದರು. ಅವರು ಯೋಚಿಸುವುದನ್ನು ನೋಡಲು ಭಯವಾಗುತ್ತಿತ್ತು. ಆಮೇಲೆ ಕಣ್ಣು ತೆರೆದು ಮುಗುಳ್ನಕ್ಕರು.

“ಎಷ್ಟ ರಿಂಗ್ ಅದಾವ ನಮ್ಮಲ್ಲಿ?”

“ಎರಡ್ರಿ ಸಾವಕಾರ್ರ” ಎಂದ ಮಾಳಪ್ಪ.

“ಹುಡುಗ್ಯಾರ ಎಷ್ಟರಾಗ ಆಡ್ತಾರ?”

“ಒಂದರಾಗ್ರಿ.”

“ಮತ್ತ ಇದಕ್ಯಾಕ ಇಷ್ಟ ತಲಿ ಕೆಡಿಸ್ಕೊಳ್ಳೂದು? ನಡುವ ಒಂದ ತಾಡಪತ್ರಿ ಕಟ್ರಿ. ಆ ಕಡೆ ಒಂದ ರಿಂಗ್ ಹುಡುಗ್ಯಾರಿಗೆ, ಈ ಕಡೆ ಒಂದ ರಿಂಗ್ ಹುಡುಗರಿಗೆ. ಒಂದ ದಿನ, ಒಂದ ಟೈಮು, ಯಾರೂ ಯಾರನ್ನೂ ನೋಡಂಗಿಲ್ಲ. ಸಮಾನತೆ ಅಂದ್ರ ಇನ್ನೇನ?”

ಕಮಿಟಿ ಮೇಜು ಕುಟ್ಟಿತು. ನಾನು ಮಾಳಪ್ಪನ ಮುಖ ನೋಡಿದೆ. ಅವನ ಬಾಯಿ ತೆರೆಯಿತು. ಬಾಸ್ಕೆಟ್‌ಬಾಲಿಗೆ ಒಂದು ಪಂದ್ಯಕ್ಕೇ ಎರಡು ರಿಂಗು ಬೇಕು, ಒಂದು ನಿಮ್ಮದು ಒಂದು ಎದುರಿನವರದು ಎಂಬ ಮಾತು ಅವನ ಹಲ್ಲಿನ ತನಕ ಬಂದದ್ದನ್ನು ನಾನು ಕಂಡೆ. “ಹೌದ್ರಿ ಸಾವಕಾರ್ರ” ಎಂದು ಮುಚ್ಚಿಕೊಂಡ.

ನಾನಾದರೂ ಹೇಳಿದೆ. “ಸಾವಕಾರ್ರ, ಹುಡುಗ್ಯಾರ ಒಂದರಾಗ ಆಡೂದು ನೀವು ಇನ್ನೊಂದ ಬಿಚ್ಚಿಡತೀರಿ ಅಂತ. ಆಟ ಇರೂದ ಎರಡು ರಿಂಗಿಗೆ.”

“ಅಕ್ಕೋರ, ನೀವು ಹಿಂದಿ ಕಲಸ್ರಿ” ಎಂದರು ಅವರು. ಚಹಾದವನು ಬಂದ. ನಾನು ಎದ್ದು ದಾರಿ ಬಿಟ್ಟೆ.

ಪಂದ್ಯದ ದಿನ ಮಳೆ ಇರಲಿಲ್ಲ. ಮಾಳಪ್ಪ ನಸುಕಿನಲ್ಲೇ ಬಂದು ನಡುಗೆರೆಯ ಮೇಲೆ ಬೊಂಬು ನೆಟ್ಟು, ಹತ್ತಿ ಮುಚ್ಚುವ ತಾಡಪತ್ರಿ ಕಟ್ಟಿದ್ದ. ಅದೂ ಸಾವಕಾರರ ಅಂಗಡಿಯದೇ. ಪಶ್ಚಿಮದ ಕಡೆ ಶಾಮಿಯಾನ, ಕುರ್ಚಿ, ಹಾರ, ಮೈಕು. ಪೂರ್ವದ ಕಡೆ ಒಂದು ಬೆಂಚು ಮತ್ತು ನಾನು. ಹುಡುಗರಲ್ಲಿ ನಮ್ಮವರಿಗೂ ರಾಮದುರ್ಗಕ್ಕೂ ಪಂದ್ಯ. ಹುಡುಗಿಯರಲ್ಲಿ ನಮ್ಮವರಿಗೂ ಸವದತ್ತಿಗೂ. ಸವದತ್ತಿಯ ಹುಡುಗಿಯರನ್ನು ಕರೆತಂದದ್ದು ಹಜರತಸಾಬನೇ. ಮಗಳ ಆಟವನ್ನು ಅವನು ಒಮ್ಮೆಯೂ ನೋಡಿರಲಿಲ್ಲ, ಯಾವಾಗಲೂ ಯಾವುದೋ ಊರಿನ ದಾರಿಯಲ್ಲೇ ಇರುತ್ತಿದ್ದ. ಆ ದಿನ ಕಾಂಪೌಂಡಿನ ಗೋಡೆಗೆ ಒರಗಿ ನಿಂತ.

ಎರಡೂ ಕಡೆ ಒಟ್ಟಿಗೇ ಸೀಟಿ ಕೇಳಿಸಿತು. ನಮ್ಮ ಕಡೆ ಆಟ ಎಂದಿನಂತೆ ಶುರುವಾಯಿತು, ಗೆರೆ ಮುಟ್ಟುವುದು, ತಿರುಗುವುದು, ಹಾಕುವುದು. ತಾಡಪತ್ರಿಯ ಆಚೆ ಗದ್ದಲ ಎದ್ದಿತು. ನಾನು ಬೊಂಬಿನ ಸಂದಿನಿಂದ ಇಣುಕಿದೆ.

ಹುಡುಗರು ರಿಂಗಿನ ಕೆಳಗೆ ಗುಂಪಾಗಿ ನಿಂತು ಜಗಳ ಆಡುತ್ತಿದ್ದರು. ಈ ರಿಂಗು ನಮ್ಮದು ಎಂದು ನಮ್ಮವರು, ನಾವು ಹಾಕಬೇಕಾದದ್ದು ಇದಕ್ಕೇ ಎಂದು ರಾಮದುರ್ಗದವರು. ಇಬ್ಬರೂ ಹಾಕಬೇಕೋ, ಇಬ್ಬರೂ ಕಾಯಬೇಕೋ? ಮಾಳಪ್ಪ ಸೀಟಿಯನ್ನು ಬಾಯಿಂದ ತೆಗೆದು ಶಾಮಿಯಾನದ ಕಡೆ ನೋಡಿದ. ಸಾವಕಾರರು ಮೈಕಿನಲ್ಲೇ ತೀರ್ಪು ಕೊಟ್ಟರು.

“ಖೋಖೋದಾಗ ಹೆಂಗ ಮಾಡ್ತೇವಿ? ಒಂದ ಡಾವ ಇವರು ಓಡಸ್ತಾರ, ಒಂದ ಡಾವ ಅವರು. ಟಾಸ್ ಹಾರಸ್ರಿ. ಗೆದ್ದವರು ಹಾಕ್ಲಿ, ಸೋತವರು ಕಾಯ್ಲಿ. ಆಮ್ಯಾಲ ಅದಲ್ ಬದಲ್.”

ಟಾಸು ರಾಮದುರ್ಗದವರು ಗೆದ್ದರು. ನಮ್ಮ ಹುಡುಗರು ಕಾಯಲು ಒಪ್ಪಲಿಲ್ಲ. ಚೆಂಡು ಒಬ್ಬನ ಮೂಗಿಗೆ ಬಿತ್ತು, ಮುಷ್ಟಿ ಇನ್ನೊಬ್ಬನ ಮೂಗಿಗೆ ಬಿತ್ತು. ನೋಡಲು ಬಂದ ಜನ ಚಪ್ಪಾಳೆ ತಟ್ಟಿದರು. ಅವರ ಪಾಲಿಗೆ ಅದೇ ಬಾಸ್ಕೆಟ್‌ಬಾಲು.

ಆ ಹೊತ್ತಿಗೆ ಸರಿಯಾಗಿ ಬೆಳಗಾವಿಯ ಮೇಡಂ ಬಂದರು. ಬಸ್ಸು ತಡವಾಗಿತ್ತು. ಹಾರ ಹಿಡಿದು ಎದ್ದ ಸಾವಕಾರರನ್ನು ದಾಟಿ ನೇರವಾಗಿ ಅಂಕಣಕ್ಕೆ ಬಂದು, ತಾಡಪತ್ರಿಯನ್ನು ಮುಟ್ಟಿ ನೋಡಿದರು.

“ಏನಿದು?”

“ಅದ್ರಿ ಮೇಡಂ, ಮರ್ಯಾದಿ ಪ್ರಶ್ನೆ” ಎಂದರು ಸಾವಕಾರರು. “ನೀವ ಹೇಳಿದಂಗ ಒಂದ ದಿನ, ಒಂದ ಅಂಕಣ. ಇಬ್ಬರಿಗೂ ಒಂದೊಂದು ರಿಂಗು.”

ಮೇಡಂ ಅವರನ್ನು ನೋಡಿದ ರೀತಿಯನ್ನು ನಾನು ಈಗಲೂ ನೆನೆಸಿಕೊಂಡು ಸುಖಪಡುತ್ತೇನೆ. ಆಮೇಲೆ ಅವರು ಮಾಳಪ್ಪನ ಕಡೆ ತಿರುಗಿದರು. “ನೀವು ಪಿ.ಟಿ. ಮಾಸ್ತರಾ?”

ಮಾಳಪ್ಪನಿಗೆ ‘ಹೌದ್ರಿ’ ಎನ್ನಲು ಜೀವನದಲ್ಲಿ ಮೊದಲ ಸಲ ನಾಲಿಗೆ ಏಳಲಿಲ್ಲ.

ತಾಡಪತ್ರಿ ಇಳಿಯಿತು. ಸಂಜೆಯ ಬಸ್ಸಿಗೆ ಮೇಡಂ ಹೊರಡಬೇಕು, ಅಷ್ಟರಲ್ಲಿ ನಿಯಮದ ಪ್ರಕಾರ ಒಂದೇ ಒಂದು ಪಂದ್ಯ ಆಗಬಹುದಿತ್ತು. ಹುಡುಗರದೇ ಆಗಲಿ ಎಂದು ಸಾವಕಾರರು ಅಪ್ಪಣೆ ಕೊಟ್ಟರು. ಮೇಡಂ, ಒಡೆದ ಮೂಗಿಗೆ ಕರವಸ್ತ್ರ ಒತ್ತಿಕೊಂಡಿದ್ದ ಹುಡುಗರನ್ನು ನೋಡಿದರು, ಬೆವರು ಒರೆಸುತ್ತ ಸಾಲಾಗಿ ನಿಂತಿದ್ದ ಹುಡುಗಿಯರನ್ನು ನೋಡಿದರು. “ಆಡ್ತಾ ಇರೋರು ಆಡಲಿ” ಎಂದು ಸೀಟಿಯನ್ನು ಮಾಳಪ್ಪನ ಕೈಯಿಂದ ತೆಗೆದುಕೊಂಡರು.

ಜನ್ನತ ನನ್ನ ಹತ್ತಿರ ಓಡಿ ಬಂದಳು. ಮುಖ ಬಿಳಿಚಿತ್ತು. “ಅಕ್ಕೋರ, ಅಷ್ಟ ದೂರದ ರಿಂಗಿಗೆ ನಾವು ಎಂದೂ ಹಾಕಿಲ್ರಿ.”

“ಅದೂ ಅಷ್ಟ ಎತ್ತರ ಐತಿ, ಹೋಗು” ಎಂದೆ.

ನಮ್ಮವರು ಹಾಕಬೇಕಾದದ್ದು ಮಗನ ರಿಂಗಿಗೆ, ಕಾಯಬೇಕಾದದ್ದು ಅಪ್ಪನ ರಿಂಗನ್ನು. ಮೇಡಂ ಸೀಟಿ ಊದಿದರು. ಸವದತ್ತಿಯವರು ಚೆಂಡು ತಂದರು. ಅಪ್ಪನ ರಿಂಗಿನ ಹತ್ತಿರ ಜನ್ನತ ಅದನ್ನು ಕಸಿದಳು. ನಡುಗೆರೆಯ ತನಕ ಹಾರಿಬಂದಳು. ಗೆರೆಯನ್ನು ಕಾಲಿನಿಂದ ಮುಟ್ಟಿದಳು. ಎಂಟನೆಯ ತರಗತಿಯಿಂದ ಮಾಡಿದ್ದನ್ನೇ ಮಾಡಿದಳು: ಗರ್ರನೆ ತಿರುಗಿ, ತನ್ನವರನ್ನೂ ಎದುರಿನವರನ್ನೂ ದಾಟಿ, ತಾನು ಕಾಯಬೇಕಾದ ರಿಂಗಿಗೇ ಚೆಂಡನ್ನು ಹಾಕಿಬಿಟ್ಟಳು.

ಒಂದು ಕ್ಷಣ ಯಾರಿಗೂ ತಿಳಿಯಲಿಲ್ಲ. ಆಮೇಲೆ ಶಾಮಿಯಾನ ಬಿದ್ದು ಬಿದ್ದು ನಕ್ಕಿತು. ಸಾವಕಾರರು ಎಲೆ ಅಡಿಕೆ ಗಂಟಲಿಗೆ ಸಿಕ್ಕಿ ಕೆಮ್ಮುವ ತನಕ ನಕ್ಕರು. “ನೋಡ್ರಿ ಮೇಡಂ, ನೋಡ್ರಿ! ಇದಕ್ಕ ನಾ ಹೇಳಿದ್ದು, ಒಂದ ಸಾಕು ಅಂತ!” ಮೂಗು ಒಡೆದುಕೊಂಡ ಹುಡುಗರೂ ನಕ್ಕರು. ಗೋಡೆಯ ಹತ್ತಿರ ಒಬ್ಬನೇ ಒಬ್ಬ ಚಪ್ಪಾಳೆ ತಟ್ಟುತ್ತಿದ್ದ, ಹಜರತಸಾಬ. ಯಾವುದು ಯಾರ ರಿಂಗೆಂದು ಅವನಿಗೆ ಗೊತ್ತಿರಲಿಲ್ಲ. ಮಗಳು ಚೆಂಡು ಹಾಕಿದ್ದಳು, ಅಷ್ಟೇ. ಜನ ತಿರುಗಿ ಅವನನ್ನು ನೋಡಿ ಇನ್ನಷ್ಟು ನಕ್ಕರು. ಅವನು ನಿಲ್ಲಿಸಲಿಲ್ಲ.

ಜನ್ನತ ಕೆಂಪಾಗಿ, ತಲೆ ತಗ್ಗಿಸಿ ನಿಂತುಬಿಟ್ಟಿದ್ದಳು. ಆ ಹುಡುಗಿಯ ಮುಂದಿನ ಬದುಕೆಲ್ಲ ಅಲ್ಲೇ, ಆ ನಗೆಯ ಕೆಳಗೆ ಮುಗಿದುಹೋಗುತ್ತದೆ ಎಂದು ನನಗೆ ಅನಿಸಿತು. ಸಿಟ್ಟು ನೆತ್ತಿಗೇರಿತು. ನಾನು ಬೆಂಚಿನ ಮೇಲೆ ಹತ್ತಿ ನಿಂತು ಕೂಗಿದೆ.

“ಜನ್ನತ! ಇಷ್ಟ ದಿನ ಅಪ್ಪಗ ಹಾಕಿದ್ದು ಸಾಕು! ಇವತ್ತ ಮಗನ ಹೆಸರಿನ ಮ್ಯಾಲ ಹಾಕು!”

ನಗುತ್ತಿದ್ದವರೆಲ್ಲ ನನ್ನ ಕಡೆ ತಿರುಗಿದರು. ಸಾವಕಾರರ ಎದುರು ಅಷ್ಟು ಜೋರಾಗಿ ಯಾರೂ ಮಾತಾಡಿರಲಿಲ್ಲ, ಅದೂ ಬೆಂಚಿನ ಮೇಲೆ ನಿಂತು. ಜನ್ನತ ತಲೆ ಎತ್ತಿ ನನ್ನನ್ನು ನೋಡಿದಳು. ಆಮೇಲೆ ಪಶ್ಚಿಮದ ಹಲಗೆಯನ್ನು ನೋಡಿದಳು, ಮೊದಲ ಸಲ ನೋಡುವವಳ ಹಾಗೆ.

ಆಮೇಲೆ ಗೆರೆಯನ್ನು ಅವಳು ಮುಟ್ಟಲಿಲ್ಲ, ದಾಟಿದಳು. ನಮ್ಮ ತಂಡದ ಮೀನಾ ಚೆಂಡನ್ನು ಮುಂದಕ್ಕೆ ಎಸೆಯುವಳು, ಇವಳು ಹಿಡಿಯುವಳು, ಹಲಗೆ ಡಂ ಎನ್ನುವುದು. ಚೆಂಡು ಪ್ರತಿ ಸಲವೂ ‘ಶ್ರೀ’ಯ ಮೇಲೋ ‘ಶಟ್ಟೆಪ್ಪ’ದ ಮೇಲೋ ‘ಕೊಡುಗೆ’ಯ ಮೇಲೋ ಬಡಿದು ರಿಂಗಿನೊಳಗೆ ಇಳಿಯುತ್ತಿತ್ತು. ವರ್ಷದ ಮುಕ್ಕಾಲು ಪಾಲು ಗೋಣಿಚೀಲದಲ್ಲಿ ಮಲಗಿ ಉಳಿಸಿಕೊಂಡ ಬಣ್ಣ ಅಂದು ಚಕ್ಕೆ ಚಕ್ಕೆಯಾಗಿ ಉದುರಿತು. ಜನ ಶಾಮಿಯಾನ ಬಿಟ್ಟು ಅಂಕಣದ ಸುತ್ತ ನಿಂತರು. ಹುಡುಗರು ಚೆಂಡನ್ನೇ ನೋಡುತ್ತಿದ್ದರು. ಇದನ್ನು ನಾನು ಖಾತ್ರಿ ಮಾಡಿಕೊಂಡೆ.

ನಾವು ಗೆದ್ದೆವು. ಮೇಡಂ ಜನ್ನತಳನ್ನೂ ಮೀನಾಳನ್ನೂ ಸವದತ್ತಿಯ ಇಬ್ಬರು ಹುಡುಗಿಯರನ್ನೂ ಕರೆದು ಹತ್ತಿರ ನಿಲ್ಲಿಸಿಕೊಂಡರು. ಬೆಳಗಾವಿಯ ಶಿಬಿರಕ್ಕೆ ಬರಬೇಕು, ಅಲ್ಲಿ ಚೆನ್ನಾಗಿ ಆಡಿದರೆ ಹಾಸ್ಟೆಲಿಗೆ ನಾನೇ ಹೆಸರು ಕೊಡುತ್ತೇನೆ ಎಂದರು. ಹುಡುಗರಲ್ಲಿ ಯಾರನ್ನೂ ಕರೆಯಲಿಲ್ಲ.

“ಮೇಡಂ, ತಪ್ಪ ರಿಂಗಿಗೆ ಹಾಕಿದಾಕಿನ್ನ ಆರಸ್ತೀರೇನ?” ಎಂದರು ಸಾವಕಾರರು.

“ಒಂದೇ ರಿಂಗು ತೋರಿಸಿ ಬೆಳೆಸಿದೋರು ಯಾರು?” ಎಂದರು ಮೇಡಂ. ಹಾರವನ್ನು ಮೇಜಿನ ಮೇಲೆಯೇ ಬಿಟ್ಟು ಬಸ್ಸಿಗೆ ಹೋದರು.

ಹಜರತಸಾಬ ಮಗಳ ಹತ್ತಿರ ಬಂದ. “ಬೇಟಿ, ಮೊದಲನೇದ್ದ ಭಾಳ ಚಂದ ಹಾಕಿದಿ ನೋಡು” ಎಂದ. ಜನ್ನತ ನಗುತ್ತಲೇ ಅಳತೊಡಗಿದಳು. ಅದು ಯಾವ ರಿಂಗೆಂದು ಅವನಿಗೆ ಯಾರೂ ಹೇಳಲಿಲ್ಲ. ಹೇಳಲು ನನಗಂತೂ ಮನಸ್ಸಾಗಲಿಲ್ಲ.

ಶಿಬಿರಕ್ಕೆ ಟ್ರ್ಯಾಕ್ಸ್ ಹೊರಡುವ ಬೆಳಿಗ್ಗೆ ಸಾವಕಾರರಿಗೆ ಹೊಟ್ಟೆ ಸರಿ ಇರಲಿಲ್ಲವಂತೆ. ಮುಂದಿನ ಸೀಟಿನಲ್ಲಿ ಜನ್ನತ ಕುಳಿತಳು. ಹಜರತಸಾಬ ಆ ಸೀಟನ್ನು ತನ್ನ ಹೆಗಲ ಮೇಲಿನ ವಸ್ತ್ರದಿಂದ ಎರಡು ಸಲ ಒರೆಸಿದ. ಮೊದಲು ಅಲ್ಲಿ ಕೂರುತ್ತಿದ್ದವರನ್ನು ಒರೆಸಿಹಾಕಲು ಇರಬೇಕು.

ಅಂದು ಮಧ್ಯಾಹ್ನದ ಹೊತ್ತಿಗೆ ಸಾವಕಾರರ ಹೊಟ್ಟೆ ಸುಧಾರಿಸಿತು. ಕಮಿಟಿಯ ಸಭೆ ಕರೆದರು. ನಾನು ಬಾಗಿಲ ಹತ್ತಿರದ ಕುರ್ಚಿಯನ್ನು ಎತ್ತಿ ತಂದು ಮೇಜಿನ ಪಕ್ಕಕ್ಕೆ ಹಾಕಿಕೊಂಡು ಕುಳಿತೆ.

“ನೋಡ್ರೆಪಾ” ಎಂದರು ಸಾವಕಾರರು, ಗಂಟಲಲ್ಲಿ ದುಃಖ ತುಂಬಿಕೊಂಡು. “ಹುಡುಗ್ಯಾರನ್ನ ಹುಡುಗರ ಜೋಡಿ ಒಂದ ಕಾಲಕ್ಕ ಇಟ್ಟದ್ದಕ್ಕ ನಮ್ಮ ಹುಡುಗರಿಗೆ ಭಾಳ ಅನ್ಯಾಯ ಆತು. ಆರಸಾಕ ಬಂದವರು ಆ ಕಡೆನ ನೋಡ್ತಾರ. ಹುಡುಗರ ಪಂದ್ಯಾ ಬ್ಯಾರೆ ಕಾಲಕ್ಕ ಮಾಡೂಣು. ಅವರಿಗೆ ಅಂತನ ಒಂದು ಕಾಲ ಬೇಕು. ಯಾವ ತಿಂಗಳ ಇಡೂಣು, ಹೇಳ್ರಿ.”

ಕಮಿಟಿ ತಲೆ ತಗ್ಗಿಸಿ ಯೋಚಿಸಿತು.

“ಹತ್ತಿ ಬಿಡಸೂ ಕಾಲ ಖಾಲಿ ಐತ್ರಿ ಸಾವಕಾರ್ರ” ಎಂದೆ ನಾನು. “ಒಂದ ರಿಂಗ್ ಬಿಟ್ಟಿರತೇವಿ.”

ಮಾಳಪ್ಪ ಯಾರು ಹೇಳಿದರೆಂದು ನೋಡಲೂ ಇಲ್ಲ. “ಹೌದ್ರಿ” ಎಂದ.